ಘಾಟು ಬರದ ಮೆಣಸಿನಕಾಯಿ

ದಯಾನಂದ್ ನನ್ನಲ್ಲಿ ಹುಡುಕಿದ ಮೊದಲ ತಪ್ಪು ನನ್ನ ಚಪ್ಪಲಿಯದು.

ಅವತ್ತು ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದೆ. ಪಕ್ಕದ ತೋಟದ ತೆಂಗಿನ ಮರವೊಂದು ನಮ್ಮ ಕಾಂಪೌಂಡಿನ ಮೇಲೆ ಬಾಗಿತ್ತು. ಅದರಿಂದ ಒಂದು ಒಣಕಾಯಿ ದಢಾರನೆ ನಮ್ಮ ಪಕ್ಕದಲ್ಲೇ ಬಿತ್ತು. ಮಕ್ಕಳು ಕೇಕೆ ಹಾಕಿ ನಕ್ಕರು. ನನಗೆ ಮಾತ್ರ ಮಧ್ಯಾಹ್ನದ ಊಟದವರೆಗೂ ಎದೆಬಡಿತ ಇಳಿಯಲಿಲ್ಲ. ತೋಟದವರನ್ನು ಕರೆಸಿ ಎಂದು ಹೆಡ್‌ಮಾಸ್ಟರ್ ಮೋಹನ್ ಕುಮಾರ್ ಸರ್‌ಗೆ ಹೇಳಿದೆ. ಲುಂಗಿ ಮಡಚಿ ಕಟ್ಟಿಕೊಂಡು, ತಲೆಗೂದಲಲ್ಲಿ ತೆಂಗಿನ ನಾರು ಸಿಕ್ಕಿಸಿಕೊಂಡು ಅವನು ಬಂದ.

"ಕಾಯಿಗೆ ಮೂರು ಕಣ್ಣೈತೆ ಮೇಡಂ. ನೋಡ್ಕೊಂಡೇ ಬೀಳ್ತದೆ."

"ನನಗಿರೋದು ಎರಡೇ. ಪಾಠ ನೋಡ್ಲಾ, ಮರ ನೋಡ್ಲಾ?"

ಅವನು ಬಾಯಿ ತೆರೆದ. ಹೇಳಬೇಕಾದ ಏನೋ ಒಂದು ಅವನ ಕಣ್ಣಿಗೆ ಆಗಲೇ ಬಂದು ನಿಂತಿತ್ತು. ತಟ್ಟನೆ ಅದನ್ನು ನುಂಗಿಕೊಂಡ. ಮರದ ತುದಿ ನೋಡಿದ, ಆಮೇಲೆ ನನ್ನ ಪಾದ ನೋಡಿದ.

"ನಿಮ್ಮ ಚಪ್ಪಲಿ ಬಾರು ಕಿತ್ತೋಗಂಗೈತೆ," ಎಂದು ಹೊರಟೇಹೋದ.

ಮಾರನೆಯ ದಿನ ಬರುವಷ್ಟರಲ್ಲಿ ಆ ಮರದಲ್ಲಿ ಒಂದು ಕಾಯಿಯೂ ಇರಲಿಲ್ಲ. ಎಳನೀರನ್ನೂ ಬಿಡದೆ ಇಳಿಸಿದ್ದ.

ಮಾಯಸಂದ್ರದಿಂದ ಒಳಕ್ಕೆ, ಎತ್ತ ನೋಡಿದರೂ ತೆಂಗೇ ಕಾಣುವ ಊರು ಅದು. ಶಾಲೆಗೆ ಇಬ್ಬರೇ ನಾವು, ಹೆಡ್‌ಮಾಸ್ಟರ್ ಮತ್ತು ನಾನು. ನನ್ನ ಊರು ಚಿಕ್ಕನಾಯಕನಹಳ್ಳಿ. ತುರುವೇಕೆರೆಯಲ್ಲಿ ರೂಮು ಮಾಡಿಕೊಂಡು ಸ್ಕೂಟಿಯಲ್ಲಿ ಓಡಾಡುತ್ತಿದ್ದೆ. ಶಾಲೆಯಲ್ಲಿ ಗಾಡಿಗೆ ನೆರಳಿಲ್ಲ ಎಂದು ಪಕ್ಕದ ಮನೆಯ ಜಗಲಿಯ ಬದಿಗೆ ನಿಲ್ಲಿಸುತ್ತಿದ್ದೆ. ಅದು ದಯಾನಂದ್ ಮನೆ. ಮನೆಯಲ್ಲಿ ಅವನು ಮತ್ತು ಅವನ ಅಜ್ಜಿ ರಂಗಮ್ಮ. ಹೀಗಾಗಿ ದಿನಕ್ಕೆರಡು ಸಲ ಅವನ ಕಣ್ಣಿಗೆ ಬೀಳುವುದು ತಪ್ಪುತ್ತಿರಲಿಲ್ಲ.

ಮತ್ತು ಪ್ರತಿ ಸಲವೂ ಅವನಿಗೆ ಒಂದು ಕೊರತೆ ಸಿಗುತ್ತಿತ್ತು.

"ನಿಮ್ಮ ಗಾಡಿ ಒಳ್ಳೆ ಹಿಟ್ಟಿನ ಗಿರಣಿ ಥರ ಸದ್ದು ಮಾಡ್ತದೆ."

"ಈ ಸೀರೆ ಬಣ್ಣ ಏನ್ರೀ ಇದು, ಒಣಗಿದ ಸೋಗೆ ಇದ್ದಂಗೈತೆ."

"ಹಾಡು ಹೇಳ್ಕೊಡ್ವಾಗ ಶ್ರುತಿ ತಪ್ತು ಇವತ್ತು."

ಮಾತನ್ನು ಆಡುವ ಮೊದಲು ಎರಡು ಸಲ ತಿರುಗಿಸಿ ನೋಡುವ ಸ್ವಭಾವ ನನ್ನದು. ಬೀಗ ಹಾಕಿದ ಮೇಲೂ ಎಳೆದು ನೋಡುತ್ತೇನೆ. ಇಂಥವಳಿಗೆ ಹೀಗೆ ಯಾರಾದರೂ ದಿನಾ ತಪ್ಪು ಹುಡುಕಿದರೆ ನಿದ್ದೆ ಬಾರದಿರಬೇಕಿತ್ತು. ಆದರೆ ನನಗೆ ಕೋಪಕ್ಕಿಂತ ಹೆಚ್ಚಾಗಿ ಕುತೂಹಲವೇ ಬೆಳೆಯಿತು. ಏಕೆಂದರೆ ಆ ಮಾತುಗಳ ಮೊದಲು ಅವನ ಮುಖದಲ್ಲಿ ನಡೆಯುವುದನ್ನು ನಾನು ನೋಡುತ್ತಿದ್ದೆ. ಕಣ್ಣು ಅರಳುತ್ತಿತ್ತು. ತುಟಿ ಬಿಚ್ಚುತ್ತಿತ್ತು. ಆಮೇಲೆ ಗಾಬರಿಯಾದವನಂತೆ ಯಾವುದೋ ಮರದ ತುದಿ ಹುಡುಕಿ, ಅಲ್ಲಿಂದ ಒಂದು ದೋಷ ಕಿತ್ತು ತಂದು ನನ್ನ ಮುಂದೆ ಹಾಕುತ್ತಿದ್ದ. ಶ್ರುತಿ ತಪ್ಪಿತು ಎನ್ನಲು, ಅವನು ಹಾಡನ್ನು ಕೊನೆಯವರೆಗೂ ಕೇಳಿರಲೇಬೇಕಲ್ಲ?

ನುಂಗಿಕೊಂಡ ಆ ಮಾತು ಯಾವುದು? ಸ್ಕೂಟಿ ಓಡಿಸುತ್ತಾ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಸಂಜೆ ಸೀರೆ ಮಡಚುವಾಗ ಒಣಗಿದ ಸೋಗೆಯ ಬಣ್ಣವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಊರಿನವರೂ ಹಾಗೆಯೇ. ಯಾವ ತಾಯಿಯೂ "ನಮ್ಮ ಮಗೀಗೆ ಚೆನ್ನಾಗಿ ಕಲಿಸಿದ್ರಿ" ಎಂದವಳಲ್ಲ. ನಾನು ಹಾದುಹೋಗುವಾಗ ಮಾತು ನಿಲ್ಲಿಸಿ, ನನ್ನನ್ನು ನೋಡಿ, ಬೇರೆಲ್ಲೋ ನೋಡುತ್ತಿದ್ದರು. ಏನು ತಪ್ಪು ಮಾಡಿದೆ ಎಂದು ಪ್ರತಿ ದಿನವೂ ಲೆಕ್ಕ ಹಾಕಿಕೊಳ್ಳುತ್ತಿದ್ದೆ.

ಶಿಕ್ಷಕರ ದಿನಾಚರಣೆ ಬಂತು. "ಈ ಸಲ ಶಾಲು ಬ್ಯಾಡ, ಹಣ್ಣಿನ ಬುಟ್ಟಿ ಬ್ಯಾಡ," ಎಂದು ಹೆಡ್‌ಮಾಸ್ಟರ್ ಊರಿಗೆಲ್ಲ ಹೇಳಿ ಕಳಿಸಿದ್ದರು. "ನಮ್ಮ ಬಗ್ಗೆ ಎರಡು ಒಳ್ಳೆ ಮಾತಾಡಿ, ಅಷ್ಟೇ ಸಾಕು." ಒಳ್ಳೆಯ ಮಾತು ಕೇಳಿಸಿಕೊಳ್ಳುವಾಗ ಎಲ್ಲಿ ನೋಡಬೇಕೆಂದು ನನಗೆ ಗೊತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ಒಂದು ಸಣ್ಣ ನಗೆ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

ಹೆಡ್‌ಮಾಸ್ಟರಿಗೆ ಮಾತಿನ ಮಳೆಯೇ ಆಯಿತು. ಮೇಷ್ಟ್ರು ದೇವರಂಥೋರು, ಮೇಷ್ಟ್ರು ಬಂದ ಮೇಲೆ ಸ್ಕೂಲಿಗೆ ಸುಣ್ಣಬಣ್ಣ ಆಯ್ತು, ಹೀಗೆ. ಬೇಡವೆಂದರೂ ಕೊರಳಿಗೆ ಕೊಬ್ಬರಿ ಹಾರ ಬಿತ್ತು. ಆಮೇಲೆ ಅವರು, "ಈಗ ನಮ್ಮ ಧನ್ಯಶ್ರೀ ಮೇಡಂ ಬಗ್ಗೆ," ಎಂದರು.

ಯಾರೂ ಏಳಲಿಲ್ಲ. ಮಗಳನ್ನು ನನ್ನ ತರಗತಿಗೆ ಕಳಿಸುವ ಪುಟ್ಟಗಂಗಮ್ಮ ಸೆರಗು ಎಳೆದುಕೊಂಡು ಅರ್ಧ ಎದ್ದಳು. "ಮೇಡಮ್ನೋರಾ? ಅವ್ರೆ ಸಾ. ಬತ್ತಾರೆ, ಹೋಯ್ತಾರೆ."

ಊರಿನ ಹಿರಿಯ ಹನುಮಂತಯ್ಯ ಕೆಮ್ಮಿ, "ಇನ್ನೂ ಪಳಗಬೇಕು ಬುಡಿ," ಎಂದರು.

"ದಯಾನಂದ, ನೀನಾದ್ರೂ ಹೇಳಪ್ಪ. ಪಕ್ಕದಲ್ಲೇ ಇರೋನು," ಎಂದರು ಹೆಡ್‌ಮಾಸ್ಟರ್.

ಕಿಟಕಿಗೆ ಒರಗಿದ್ದ ಅವನು ನೆಟ್ಟಗಾದ. ನನ್ನನ್ನೇ ನೋಡಿದ. ಈ ಸಲ ಎಷ್ಟು ಹೊತ್ತು ನೋಡಿದನೆಂದರೆ, ಕನ್ನಡಿಯ ಮುಂದೆ ಕಲಿತ ನಗೆ ನನಗೆ ಮರೆತೇಹೋಯಿತು. ಆಮೇಲೆ ಹೊರಗಿನ ಮರದ ಕಡೆ ತಿರುಗಿ ಹೇಳಿದ: "ಬೋರ್ಡ್ ಮೇಲೆ ಅಕ್ಷರ ಸಿಕ್ಕಾಪಟ್ಟೆ ದಪ್ಪ ಬರೀತಾರೆ. ಸೀಮೆಸುಣ್ಣ ದಂಡ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಣ್ಣು ಉರಿಯುತ್ತಿರುವುದು ಯಾರಿಗೂ ಕಾಣದಂತೆ ನಗುವುದು ನನಗೆ ಅಭ್ಯಾಸವಿಲ್ಲದೆಯೂ ಬರುತ್ತದೆ.

ಮುಂದಿನ ವಾರವೇ ತುಮಕೂರಿನಲ್ಲಿ ವರ್ಗಾವಣೆಯ ಕೌನ್ಸೆಲಿಂಗ್ ಇತ್ತು. ಅಮ್ಮನ ಒತ್ತಾಯಕ್ಕೆ ಅರ್ಜಿ ಹಾಕಿದ್ದೆ. ಸರದಿ ಬಂದಾಗ ಬೇಡ ಎಂದರಾಯಿತು ಎಂದುಕೊಂಡಿದ್ದೆ. ಆ ಸಂಜೆ ಮನಸ್ಸು ಬದಲಾಯಿಸಿದೆ. ಬೇಕು ಎನ್ನುತ್ತೇನೆ. ಹೊರಡುತ್ತೇನೆ.

ರಂಗಮ್ಮಜ್ಜಿ ಮಜ್ಜಿಗೆ ಕೊಟ್ಟು ಕಳಿಸಿದ್ದ ಸ್ಟೀಲ್ ಡಬ್ಬಿ ನನ್ನ ಬಳಿಯೇ ಉಳಿದಿತ್ತು. ಅದನ್ನು ತಿರುಗಿಸಿ ಕೊಟ್ಟು, ಹೇಳಿ ಹೋಗೋಣವೆಂದು ಒಳಗೆ ಹೋದೆ. ಅಜ್ಜಿ ಒಲೆಗೆ ಚಿಪ್ಪು ಒಟ್ಟುತ್ತಿದ್ದರು. ಮೇಲೆ ಅಟ್ಟದಲ್ಲಿ ಯಾರೋ ಒಂದೊಂದೇ ಕಾಯಿ ಅಲ್ಲಾಡಿಸಿ ಕೇಳುತ್ತಿರುವ ಸದ್ದು. ಒಳಗಿನ ಕೊಬ್ಬರಿ ಒಣಗಿ ಚಿಪ್ಪಿನಿಂದ ಬಿಟ್ಟಿದೆಯೋ ಇಲ್ಲವೋ ಎಂದು ಹಾಗೆಯೇ ನೋಡುವುದು.

"ಅಜ್ಜಿ, ಟ್ರಾನ್ಸ್‌ಫರ್ ತಗೋತಾ ಇದ್ದೀನಿ. ನಮ್ಮೂರ ಕಡೆಗೆ. ಮುಂದಿನ ವಾರ ತುಮಕೂರಲ್ಲಿ ಕೌನ್ಸೆಲಿಂಗ್."

ಅಟ್ಟದ ಮೇಲೆ ಸದ್ದು ನಿಂತಿತು. ಅಜ್ಜಿಯ ಕೈಯಲ್ಲಿದ್ದ ಚಿಪ್ಪು ಕೈಯಲ್ಲೇ ಉಳಿಯಿತು. ಅವರ ಮುಖದಲ್ಲಿ ನಿಜವಾದ ಭಯ ಕಂಡಿತು.

"ಅಯ್ಯೋ ನಮ್ಮವ್ವ! ಯಾರವ್ವ ಹೊಗಳಿದ್ದು ನಿನ್ನ?"

ನನಗೆ ಅರ್ಥವಾಗಲಿಲ್ಲ. "ಏನಜ್ಜಿ?"

"ಯಾರೋ ಬಾಯ್ಬಿಟ್ಟವ್ರೆ! ಆ ಪುಟ್ಟಗಂಗಿ ಇರ್ಬೇಕು. ಮಗಳು ಪೇಪರ್ ಓದ್ತಾಳೆ ಅಂತ ಅವತ್ತಿಂದ ಕುಣೀತಾವ್ಳೆ."

"ಯಾರೂ ಹೊಗಳಿಲ್ಲ ಅಜ್ಜಿ. ಅದಕ್ಕೇ ಹೋಗ್ತಿರೋದು," ಎಂದೆ. ಇಷ್ಟು ಬೆತ್ತಲೆಯಾದ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ.

ಅಜ್ಜಿ ಮಣೆ ಎಳೆದು ನನ್ನನ್ನು ಕೂರಿಸಿದರು.

"ಕೇಳವ್ವ ಇಲ್ಲಿ. ನಿನಗಿಂತ ಮುಂಚೆ ಗಿರಿಜಾಂಬಿಕಾ ಟೀಚರಮ್ಮ ಅಂತಿದ್ರು. ಬಂಗಾರ. ಊರೆಲ್ಲ ಸೇರಿ ಹೊಗಳಿದ್ದೇ ಹೊಗಳಿದ್ದು. ಹೂವಿನ ಟ್ರ್ಯಾಕ್ಟರ್ ಮೇಲೆ ಕೂರಿಸಿ ಮೆರವಣಿಗೆ ಬ್ಯಾರೆ. ಮುಂದಿನ ತಿಂಗಳೇ ವರ್ಗ ಆಗೋಯ್ತು. ಆಮೇಲೆ ಎರಡು ವರ್ಷ ಅವ್ರ ಜಾಗಕ್ಕೆ ಒಂದು ನರಪಿಳ್ಳೆ ಬರ್ಲಿಲ್ಲ. ಇರೋ ಮಕ್ಕಳೆಲ್ಲ ವ್ಯಾನ್ ಹತ್ಕೊಂಡು ತುರುವೇಕೆರೆಗೆ ಹೋದ್ವು. ಬಾಗಿಲು ಹಾಕ್ತೀವಿ ಅಂದ್ರು. ಆಗ ನೀನು ಬಂದೆ."

"ಅದಕ್ಕೆ?"

"ಅದಕ್ಕೇ ಮಾತಾಡ್ಕೊಂಡ್ವಿ. ಈ ಹುಡುಗೀನ ಯಾರೂ ಬಾಯ್ತುಂಬ ಚೆಂದ ಅನ್ನಂಗಿಲ್ಲ ಅಂತ. ದಿಷ್ಟಿ ಆಯ್ತದೆ. ಎಳೇ ಮಗೀನ ನೋಡಿ ಮುದ್ದಾಗೈತೆ ಅಂತೀವಾ? ಕೋತಿ ಅಂತೀವಿ."

"ಮತ್ತೆ ಹೆಡ್‌ಮಾಸ್ಟರನ್ನ ಅಷ್ಟು ಹೊಗಳಿದ್ರಲ್ಲ!"

"ಆ ಮೇಷ್ಟ್ರಿಗೆ ಯಾವ ಕಣ್ಣೂ ನಾಟಾಕಿಲ್ಲ ಬುಡು."

ನಗು ಬಂತು, ಅಳುವೂ ಬಂತು. ಯಾವುದನ್ನು ಮೊದಲು ಹೊರಗೆ ಬಿಡಲೆಂದು ತಿಳಿಯದೆ ಸೆರಗನ್ನು ಬಾಯಿಗೊತ್ತಿಕೊಂಡೆ. ಅಷ್ಟರಲ್ಲಿ ಅಟ್ಟದ ಏಣಿ ಕಿರುಗುಟ್ಟಿತು. ದಯಾನಂದ್ ಇಳಿದು ಬಂದ. ತಲೆಯ ತುಂಬ ಧೂಳು, ಕೈಯಲ್ಲಿ ಒಂದು ಕಾಯಿ.

"ನೀವೂ ಇದನ್ನ ನಂಬ್ತೀರಾ?" ಎಂದೆ. "ತಿಪಟೂರಲ್ಲಿ ಬಿ.ಎಸ್ಸಿ. ಓದಿದೋರು."

"ನಂಬ್ತೀನೋ ಇಲ್ವೋ ಗೊತ್ತಿಲ್ಲ ಕಣ್ರೀ." ಅವನು ಕಾಯಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ನಿಮ್ಮ ಮೇಲೆ ಪರೀಕ್ಷೆ ಮಾಡಿ ನೋಡೋ ಧೈರ್ಯ ಬರ್ಲಿಲ್ಲ."

ಒಲೆಯಲ್ಲಿ ಚಿಪ್ಪು ಸಿಡಿಯಿತು. ನಾನು ಎದ್ದು ನಿಂತೆ.

"ಚಪ್ಪಲಿ ಬಾರು ಅಂದ್ರಲ್ಲ ಅವತ್ತು. ಹೇಳಬೇಕು ಅಂತಿದ್ದಿದ್ದು ಏನು?"

"ಬ್ಯಾಡ ಬುಡಿ."

"ಹೇಳಿ. ಹೇಳ್ದಿದ್ರೂ ಹೇಗೂ ಹೋಗ್ತೀನಲ್ಲ."

ಅವನು ಅಭ್ಯಾಸಬಲದಿಂದ ಮರದ ತುದಿ ಹುಡುಕಿದ. ಅಡುಗೆಮನೆಯಲ್ಲಿ ಸೂರಷ್ಟೇ ಇತ್ತು. ಬೇರೆ ದಾರಿಯಿಲ್ಲದೆ ನನ್ನನ್ನೇ ನೋಡಿದ.

"ಕಾಯಿ ಬಿದ್ದಾಗ ನಾನು ಬೇಲಿ ಹತ್ರ ಇದ್ದೆ. ಯಾರಾದ್ರೂ ಮೊದ್ಲು ಅವ್ರವ್ರ ತಲೆ ಮುಟ್ಕೋತಾರೆ. ನೀವು ಪಕ್ಕದಲ್ಲಿದ್ದ ಎರಡು ಮಕ್ಕಳನ್ನ ಎಳ್ಕೊಂಡು ಸೆರಗಲ್ಲಿ ಮುಚ್ಚಿದ್ರಿ. ಅದನ್ನ ಹೇಳೋಕೆ ಹೋಗಿ ಚಪ್ಪಲಿ ಅಂದೆ."

ನನಗದು ನೆನಪೇ ಇರಲಿಲ್ಲ.

"ಅಕ್ಷರ ದಪ್ಪ ಅಂದ್ರೆ... ಕೊನೇ ಸಾಲಲ್ಲಿ ಕೂರೋ ಹುಡುಗೀಗೆ ಕಣ್ಣು ಸರಿಯಾಗಿ ಕಾಣಲ್ಲ. ಅವಳಪ್ಪಂಗೆ ನೀವು ಹೇಳಿ ಕನ್ನಡಕ ಬರೋವರ್ಗೂ ದಪ್ಪಕ್ಕೆ ಬರೆದ್ರಿ. ಬಂದ ಮೇಲೂ ಅದೇ ರೂಢಿ ಆಗೋಯ್ತು. ನಾನು ಕಿಟಕೀಲಿ ನೋಡಿದೀನಿ."

"ಸಾಕು ಕಣ್ಲಾ ದಯಾ!" ಅಜ್ಜಿ ಕೂಗಿದರು. ಅವನು ನಿಲ್ಲಿಸಲಿಲ್ಲ, ಕಟ್ಟೆ ಒಡೆದಿತ್ತು.

"ನಾನೂ ಇದೇ ಸ್ಕೂಲಲ್ಲಿ ಓದಿದ್ದು. ತಪ್ಪು ಓದಿದ್ರೆ ಬೆತ್ತ ಬೀಳೋದು. ನೀವು ಮಕ್ಕಳಿಗೆ 'ಪರವಾಗಿಲ್ಲ, ಇನ್ನೊಂದ್ಸಲ ಓದು' ಅಂತೀರಲ್ಲ, ಆ ಮಾತು ನನಗೆ ಯಾರೂ ಅಂದಿರ್ಲಿಲ್ಲ. ಅದು ಕಿವಿಗೆ ಬೀಳ್ಲಿ ಅಂತ್ಲೇ ಮಧ್ಯಾಹ್ನದ ಹೊತ್ತು ತೋಟದ ಆ ಮೂಲೇಲೇ ಕೆಲಸ ಇಟ್ಕೋತೀನಿ. ಅಲ್ಲಿ ಮಾಡೋಕೆ ಕೆಲಸಾನೇ ಇಲ್ಲ ಈಗ. ಪಾತಿ ಎಲ್ಲ ಎರಡೆರಡು ಸಲ ಆಗೈತೆ."

ನಾನು ಅಭ್ಯಾಸ ಮಾಡಿದ್ದ ಯಾವ ಮುಖವೂ ಇದಕ್ಕೆ ಸಾಲುವಂತಿರಲಿಲ್ಲ. ಅವನನ್ನೇ ನೋಡಿದೆ. ಅವನ ರೆಪ್ಪೆಯ ಮೇಲೂ ಅಟ್ಟದ ಧೂಳಿತ್ತು.

"ಆಯ್ತಾ? ಮುಗೀತಾ? ಮನೆ ಹಾಳ!" ಅಜ್ಜಿ ದಡಬಡಿಸಿ ಎದ್ದರು. ಹಿಡಿ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ತಂದರು. ನನ್ನನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿ, ಮುಷ್ಟಿಯನ್ನು ತಲೆಯಿಂದ ಪಾದದವರೆಗೆ ನೀವಾಳಿಸಿದರು. "ಊರ ಕಣ್ಣು, ಕೇರಿ ಕಣ್ಣು, ಕಂಡೋರ ಕಣ್ಣು, ಈ ಬಾಯಿಬಡುಕನ ಕಣ್ಣು..." ಎನ್ನುತ್ತಾ ಎಲ್ಲವನ್ನೂ ಒಲೆಗೆ ಸುರಿದರು.

ಉಪ್ಪು ಚಟಪಟ ಸಿಡಿಯಿತು. ಮೆಣಸಿನಕಾಯಿ ಕಪ್ಪಾಗಿ ಸುರುಟಿತು. ನಾನು ಕೆಮ್ಮಲು ಸಿದ್ಧಳಾಗಿ ಮೂಗಿಗೆ ಸೆರಗು ಹಿಡಿದೆ. ದಯಾನಂದ್ ಮುಖ ಕಿವುಚಿಕೊಂಡು ಕಾದ. ಮೂವರೂ ಕಾದೆವು.

ಘಾಟು ಬರಲೇ ಇಲ್ಲ.

ಮೆಣಸಿನಕಾಯಿ ಹಳೆಯದಿತ್ತೋ, ಗಾಳಿ ಹೊಗೆಯನ್ನು ಹೊರಗೆಳೆಯಿತೋ, ನನಗೆ ತಿಳಿಯದು. ಸೆರಗು ಸರಿಸಿ ಉಸಿರೆಳೆದು ನೋಡಿದೆ. ಚಿಪ್ಪಿನ ಹೊಗೆ ಬಿಟ್ಟರೆ ಏನೂ ಇಲ್ಲ.

ಅಜ್ಜಿ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ನೋಡಿದಾ? ಒಂದು ಚೂರು ಘಾಟಿಲ್ಲ! ಅದೆಷ್ಟು ಕಣ್ಣು ಬಿದ್ದಿತ್ತೋ ನಿನ್ನ ಮೇಲೆ. ಯಾರ್‍ಯಾರು ಮನಸಲ್ಲೇ ಹೊಗಳಿದ್ರೋ!"

ನಾನು ಇಷ್ಟು ದಿನ ಊರಿನ ಮುಖಗಳಲ್ಲಿ ಹುಡುಕಿದ್ದು ಆ ಒಲೆಯಲ್ಲಿ ಸದ್ದಿಲ್ಲದೆ ಉರಿಯುತ್ತಿತ್ತು.

"ಅದ್ರಲ್ಲಿ ಅರ್ಧ ನಂದೇ," ಎಂದ ದಯಾನಂದ್, ಕಾಯಿಯ ಜುಟ್ಟನ್ನು ಕೀಳುತ್ತಾ.

"ಬರೀ ಅರ್ಧಾನಾ?" ಎಂದುಬಿಟ್ಟೆ. ಬದುಕಿನಲ್ಲಿ ಮೊದಲ ಬಾರಿಗೆ, ತಿರುಗಿಸಿ ನೋಡದೆ ಆಡಿದ ಮಾತು.

ಅವನ ಕಿವಿ ಕೆಂಪಾಯಿತು. ಅಜ್ಜಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಒಲೆಯ ಕಡೆ ತಿರುಗಿ, "ನಾಳೆ ಸಂತೇಲಿ ಮೆಣಸಿನಕಾಯಿ ಜಾಸ್ತಿ ತರಬೇಕು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

"ಡಬ್ಬಿ ಇಲ್ಲೇ ಇಟ್ಟಿದ್ದೀನಿ ಅಜ್ಜಿ," ಎಂದೆ. "ನಾಳೆ ಮಜ್ಜಿಗೆ ಹಾಕಿಡಿ."

"ತುಮಕೂರು?" ಎಂದ ದಯಾನಂದ್.

"ಹೋಗ್ತೀನಿ. ಬೇಡ ಅಂತ ಹೇಳಿ ಬರೋಕೆ."

ಜಗಲಿಗೆ ಬಂದೆ. ತೋಟದ ಮೇಲೆ ಕತ್ತಲು ಇಳಿಯತೊಡಗಿತ್ತು. ಸ್ಕೂಟಿ ಸ್ಟಾರ್ಟ್ ಮಾಡಿ ದೀಪ ಹಾಕಿದೆ. ಅವನು ಹಿಂದೆಯೇ ಬಂದು ಕಂಬಕ್ಕೆ ಒರಗಿ ನಿಂತ. ಕಣ್ಣು ಅರಳಿತು. ತುಟಿ ಬಿಚ್ಚಿತು. ಈ ಸಲ ಮರವನ್ನು ನೋಡಲಿಲ್ಲ.

"ನಿಮ್ಮ ಗಾಡಿ ಹಿಂದಿನ ಲೈಟ್ ಹೋಗೈತೆ ಕಣ್ರೀ."

ತಿರುಗಿ ನೋಡಿದೆ. ಜಗಲಿಯ ಗೋಡೆಯೆಲ್ಲ ಕೆಂಪಾಗುವಷ್ಟು ಚೆನ್ನಾಗಿ ಉರಿಯುತ್ತಿತ್ತು.

ನಾನು ಅವನನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿದೆ. ಎಲ್ಲವೂ ಸರಿಯಾಗಿತ್ತು.

"ನಿಮ್ಮ ಅಂಗಿ ಗುಂಡಿ," ಎಂದೆ, "ಒಂದೂ ಸರಿಯಾಗಿ ಹಾಕ್ಕೊಂಡಿಲ್ಲ."