ಗುಡುಮನ ಬೋಳು ಕುತ್ತಿಗೆ

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಗುಡುಮನ ಕುತ್ತಿಗೆ ಬೋಳಾಗಿತ್ತು.

ಗುಡುಮ ಅಂದರೆ ಟೀವಿ ಕಾರ್ಟೂನಿನ ನೀಲಿ ಪ್ರಾಣಿ. ಬಲೂನಿನ ಹಾಗೆ ನುಣ್ಣಗೆ. 2003ರಲ್ಲಿ ಅದನ್ನೇ ಮನುಷ್ಯರ ನಡುವೆ ಓಡಾಡಿಸುವ ಸಿನಿಮಾ ಹೊರಟಿತು. ಖರೇ ಪ್ರಾಣಿ ಅನ್ನಿಸಬೇಕು ಎಂದರು ಡೈರೆಕ್ಟರ್ ನೀಲಕಂಠ. ಸೇಡಂ ರಸ್ತೆಯ ಶೆಡ್ಡಿನಲ್ಲಿ ನಾನು, ಅಂದರೆ ಮಲ್ಕಪ್ಪ, ಗುಡುಮನ ರಬ್ಬರ್ ಗೊಂಬೆಯ ಮೇಲೆ ಸುಕ್ಕು ಕೊರೆದೆ, ಉಗುರಿಗೆ ಕೊಳೆಯ ಬಣ್ಣ ತುಂಬಿದೆ. ಮೈಗೆ ಮೇಕೆ ಕೂದಲು, ಕುತ್ತಿಗೆಗೆ ಮನುಷ್ಯರ ಕೂದಲು. ಹೊಲಿದವಳು ಹೆಂಡತಿ ಮಾಳಮ್ಮ. ಮಗಳು ಶಂಕ್ರಮ್ಮ ತೀರಿಕೊಂಡ ಮೇಲೆ ನನಗೆ ಯಾವುದೂ ತಟ್ಟುತ್ತಿರಲಿಲ್ಲ. ಈ ಬೋಳು ಕುತ್ತಿಗೆಯೂ ತಟ್ಟಲಿಲ್ಲ.

ನೀಲಕಂಠರಿಗೆ ತಟ್ಟಿತು. ವಾಚ್‌ಮನ್ ಮಕ್ಬೂಲನ ಕಾಲರ್ ಹಿಡಿದರು. "ನಾಳೆ ಕಮಲಾಪುರದ ಬಾಳೆ ತೋಟದಾಗ ಗುಡುಮಗ ಬೆಂಕಿ ಹಚ್ಚೋ ಸೀನ್ ಅದ! ಎಲ್ಲಿ ಮಾರಿದಿ? ಸಂಜೀಕ ಪೊಲೀಸ್ರಿಗಿ ಒಪ್ಪಸ್ತೀನಿ!"

"ಅಲ್ಲಾನ ಆಣೆ, ಮುಟ್ಟಿಲ್ರೀ ಸಾಹೇಬ್ರ!" ಮಕ್ಬೂಲ್ ಅತ್ತೇಬಿಟ್ಟ. ಪಾಪ, ಮನೆತುಂಬ ಮಕ್ಕಳು.

ಪಕ್ಕದ ಓಣಿಯ ನಿವೃತ್ತ ಇನ್ಸ್‌ಪೆಕ್ಟರ್ ಜಹೀರುದ್ದೀನ್ ಸಾಹೇಬರನ್ನು ಕರೆತಂದೆ.

"ಕೀಲಿ ಮುರದಾರೇನು?"

"ಇಲ್ರೀ."

"ಚಾವಿ ಯಾರ್ಯಾರ ಕಡೆ ಅವ?"

"ನಮ್ಮ ಮನ್ಯಾಗ ಒಂದು. ಮಕ್ಬೂಲನ ಕಡೆ ಒಂದು. ಕಾರ್ಟೂನ್ ಬರೆದ ದೌಲಪ್ಪನ ಕಡೆ ಒಂದು."

ಅಲ್ಲೇ ನಿಂತಿದ್ದ ದೌಲಪ್ಪ ಸಿಡಿದ. "ನನ್ನ ಚೆಂದನ ಗುಡುಮಗ ಮೈತುಂಬ ರೋಮ ಬೆಳಸೀರಿ. ಸಿಟ್ಟದ, ಖರೆ! ಆದ್ರ ನಾ ಹರಿಯೋದಿದ್ರ ಪೂರಾ ಹರಿತಿದ್ದೆ!"

"ಬರೋಬ್ಬರಿ," ಎಂದು ಸಾಹೇಬರು ಮೇಜಿನತ್ತ ಬಗ್ಗಿದರು. ಅಲ್ಲಿ ಕತ್ತರಿ, ಪಕ್ಕದಲ್ಲಿ ದಾರದ ಪುಟ್ಟ ಲಡಿ. ಬೆಳಿಗ್ಗೆಯಿಂದ ಎಲ್ಲರೂ ನೋಡಿದ್ದೆವು. ದಾರ, ಅಷ್ಟೇ.

"ಕತ್ತರಿ ಇಲ್ಲೇ ಅದ. ಆದ್ರ ಒಂದೂ ಹೊಲಿಗಿ ಕತ್ತರಿಸಿಲ್ಲ. ಗಂಟು ಒಂದೊಂದೇ ಬಿಚ್ಯಾರ. ಬಿಚ್ಚಿದ ದಾರ ಹೆಬ್ಬೆರಳಿಗಿ ಕಿರುಬೆರಳಿಗಿ ಅಡ್ಡಡ್ಡ ಸುತ್ತಿ ಇಟ್ಟಾರ. ಕಳ್ಳ ಇಷ್ಟು ಪುರಸೊತ್ತಿನಿಂದ ದಾರ ಸುತ್ತತಾನೇನು? ಇದು ಕಂಬಳಿ ನೇಯೋ ಮನಿಯವರ ಕೈ. ಇಲ್ಲಿ ಯಾರದಾರ ಅಂಥವರು?"

"ನಾನು," ಎಂದೆ.

"ನೀ ಅಲ್ಲ. ಕೂದ್ಲಿಗಿ ಕತ್ತರಿ ತಾಕೀತು ಅಂತ ನೀ ಅಂಜಾಂವಲ್ಲ. ಹೊಲಿದಾಕೀನೇ ಬಿಚ್ಯಾಳ." ಅವರು ನನ್ನ ಹಿಂದೆ ನಿಂತಿದ್ದವಳನ್ನು ನೋಡಿದರು. "ಮಾಳಮ್ಮ, ಮಕ್ಬೂಲ್ ಜೇಲಿಗಿ ಹೋಗ್ತಾನವ್ವ."

ಮಾಳಮ್ಮ ಸೆರಗಿನೊಳಗಿಂದ ಕೂದಲಿನ ಗಂಟು ತೆಗೆದಳು. "ಅಂವನ್ನ ಬಿಡ್ರೀ. ಇದು ವ್ಯಾಪಾರಿ ಕೊಟ್ಟ ಕೂದಲಲ್ಲ. ದವಾಖಾನ್ಯಾಗ ಕತ್ತರಿಸಿದ ನಮ್ಮ ಶಂಕ್ರಮ್ಮನ ಜಡಿ. ಸಿನಿಮಾದಾಗಾದ್ರೂ ಅಕಿ ಓಡ್ಯಾಡ್ಲಿ ಅಂತ, ಯಾರಿಗೂ ಹೇಳದ ಹೊಲದೆ. ನಿನ್ನೆ ಬೆಂಕಿ ಹಚ್ಚತೀವಿ ಅಂದ್ರು. ನಮ್ಮನಿಯವರು ಹೂಂ ಅಂದ್ರು."

ಹೌದು, ಅಂದಿದ್ದೆ.

"ನಮ್ಮಲ್ಲಿ ಮಣ್ಣು ಮಾಡ್ತಾರ್ರೀ, ಸುಡಂಗಿಲ್ಲ. ಅಕಿನ್ನ ಮಣ್ಣಾಗ ಇಟ್ಟೇವಿ. ಈಗ ಸುಡ್ಲೇನು?"

ನೀಲಕಂಠರು ಮಕ್ಬೂಲನ ಕಾಲರ್ ಬಿಟ್ಟರು. ಮಾಳಮ್ಮ ಗಂಟನ್ನು ನನ್ನ ಕೈಗಿಟ್ಟಳು. ಶಾಲೆಗೆ ಹೊರಟಾಗ ಎಷ್ಟೋ ಸಲ ನಾನೇ ಹೆಣೆದಿದ್ದ ಜಡೆ. ಕುತ್ತಿಗೆಯ ಮೇಲೆ ಅದಕ್ಕೆ ಕೊಳೆಯ ಬಣ್ಣ ಬಳಿದವನೂ ನಾನೇ, ಗುರುತು ಸಿಕ್ಕಿರಲಿಲ್ಲ.

ಆ ಬಣ್ಣ ತೊಳೆಯಲು ಮಕ್ಬೂಲ್ ಬಕೆಟ್ಟಿನಲ್ಲಿ ನೀರು ತಂದಿಟ್ಟ.