ಮೆಷಿನ್ ಎತ್ತಿದ ಕೈ

“ಹೊಲಿಗೆ ಮೆಷಿನ್ ಸಿಕ್ರೂ ಮುಟ್ಬೇಡಿ ಅಳಿಯಂದ್ರೇ. ಮಾಟ ಮಾಡ್ಸಿದೀನಿ,” ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಕಳ್ಳನ ಹೆಸರು ಗೊತ್ತಿರ್ಲಿಲ್ಲ. ಅದಕ್ಕೇ ಅದನ್ನ ಎತ್ತಿದ ಕೈ, ಮುಟ್ಟಿದ ಕೈ ಬಿದ್ದುಹೋಗ್ಲಿ ಅಂತ ಹೇಳ್ಸಿದ್ದು. ಮಂತ್ರವಾದಿ ಊರಿಗೆ ವಾಪಸ್ ಬರ್ಲಿ, ತೆಗೆಸ್ತೀನಿ.”

“ನಿಮ್ಮ ಮಾಟಕ್ಕೆ ಅಳಿಯ ಯಾರು, ಕಳ್ಳ ಯಾರು ಅಂತ ಗೊತ್ತಾಗಲ್ವಾ ಅತ್ತೆ?” ಎಂದು ನಕ್ಕು ಅವನು ಮೆಟ್ಟಿಲಿಳಿದ.

ಆ ನಗು ಬೀದಿಯ ತಿರುವಿನವರೆಗೂ ಬಾಳಲಿಲ್ಲ. ಕೆಲಸ ಕಳೆದುಕೊಂಡು ಹೊಸದಾಗಿ ಹೆಂಡತಿಯ ತವರು ಸೇರಿದ ಮನೆಯಳಿಯ ಅವನು. ಒಲೆ ಉರಿಯುತ್ತಿದ್ದದ್ದು ಅವಳ ಹೊಲಿಗೆಯಿಂದ. ಕತ್ತರಿಸಿಟ್ಟ ಶಾಲೆಯ ಸಮವಸ್ತ್ರಗಳು ಮಂಚದ ಮೇಲೆ ರಾಶಿ ಬಿದ್ದಿದ್ದವು. ಕಳುವಾದ ದಿನ ಚಿಲಕ ಹಾಕಲು ಮರೆತವನೂ ಅವನೇ. ಯಾರೂ ಆ ಮಾತೆತ್ತಿರಲಿಲ್ಲ. ಅದೇ ಅವನನ್ನು ಕೊಲ್ಲುತ್ತಿತ್ತು.

ಗಿರವಿ ಅಂಗಡಿಗಳನ್ನು ಸುತ್ತಿ ಚಪ್ಪಲಿ ಸವೆಯಿತು. ಒಬ್ಬ ಗದರಿದ, ಇನ್ನೊಬ್ಬ ಬಾಗಿಲು ತೋರಿಸಿದ. ಕೊನೆಗೆ ಬಿಸಿಲೇ ಬೀಳದ ಒಂದು ಗಲ್ಲಿಯ ಅಂಗಡಿಯಲ್ಲಿ, ಹಳೆಯ ಪಾತ್ರೆಗಳ ಹಿಂದೆ, ಅದು ಕಂಡಿತು. ಕೈಯಲ್ಲಿ ತಿರುಗಿಸುವ ಪುಟ್ಟ ಮೆಷಿನ್. ಹಿಡಿಗೆ ಹೆಂಡತಿ ಸುತ್ತಿದ್ದ ಕೆಂಪು ಬಟ್ಟೆ ಹಾಗೇ ಇತ್ತು. ಸುತ್ತಲೂ ಕೂದಲು ಸುಟ್ಟ ಕಮಟು ವಾಸನೆ.

“ಇದು ನಮ್ದು,” ಎಂದ, ಜಗಳಕ್ಕೆ ಸಿದ್ಧನಾಗಿ.

“ತಗೊಂಡ್ಹೋಗಿ. ಏನೂ ಕೊಡ್ಬೇಡಿ,” ಎಂದ ಗಿರವಿಯವನು. ಅವನ ಬಲಗೈ ಒಣಹಾಕಿದ ಬಟ್ಟೆಯ ಹಾಗೆ ಜೋತಾಡುತ್ತಿತ್ತು. “ತಂದು ಮಾರ್ದೋನ್ದೂ ಹಿಂಗೇ ಆಗಿದ್ಯಂತೆ.”

ಅಳಿಯ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಆದರೆ ಬರಿಗೈಯಲ್ಲಿ ಹೋಗಿ ಹೆಂಡತಿಗೆ ಮುಖ ತೋರಿಸುವುದು ಹೇಗೆ? ಮೆಷಿನ್ನನ್ನು ಬಲಗೈಯಿಂದ ಎತ್ತಿ ಭುಜಕ್ಕೇರಿಸಿದ.

ದಾರಿಯಲ್ಲಿ ಕಿರುಬೆರಳು ತಣ್ಣಗಾಯಿತು. ಭಾರಕ್ಕೆ ಎಂದುಕೊಂಡ. ಆಮೇಲೆ ಅಂಗೈ. ಮನೆಯ ಮೆಟ್ಟಿಲು ಹತ್ತುವಾಗ ಮುಂಗೈ. ಕಿವಿಯ ಪಕ್ಕದಲ್ಲೇ ಸೂಜಿ ಟಕ್ ಟಕ್ ಎನ್ನುತ್ತಿತ್ತು. ಯಾರೂ ತಿರುಗಿಸುತ್ತಿರಲಿಲ್ಲ. ಕೊನೆಯ ಮೆಟ್ಟಿಲಲ್ಲಿ ತೋಳು ಸತ್ತಿತು. ಮೆಷಿನ್ ವಾಲಿತು.

“ಸಿಕ್ತಾ, ರೀ?” ಹೆಂಡತಿ ಓಡಿಬಂದಳು. ಎರಡೂ ಕೈ ಚಾಚಿದಳು. ಅವನಿಗೆ ಕೂಗಲೂ ಹೊತ್ತಿರಲಿಲ್ಲ. ಅವಳ ಬೆರಳು ಇನ್ನೇನು ತಾಕಬೇಕು. ಅವನು ಎಡಗೈಯಿಂದ ಮೆಷಿನ್ನನ್ನು ಬಲವಾಗಿ ನೂಕಿದ.

ಮೆಟ್ಟಿಲ ಮೇಲೆ ಕಬ್ಬಿಣ ಉರುಳಿತು. ಒಡೆಯಿತು. ಸೂಜಿಯ ಸದ್ದು ನಿಂತಿತು.

“ಏನ್ ಮಾಡ್ಬಿಟ್ರಿ ರೀ? ಇನ್ನು ಏನ್ ತಿನ್ನೋದು ನಾವು?” ಅವಳು ಕುಸಿದು ಕುಳಿತಳು. ಚೂರುಗಳನ್ನು ಆಯಲು ಹೋದ ಅವಳ ಮಣಿಕಟ್ಟನ್ನು ಅತ್ತೆ ಗಟ್ಟಿಯಾಗಿ ಹಿಡಿದುಕೊಂಡರು.

ಅವಳು ಬಿಡಿಸಿಕೊಂಡು ಎರಡೂ ಕೈಯಲ್ಲಿ ತಲೆ ಚಚ್ಚಿಕೊಂಡು ಅಳತೊಡಗಿದಳು. ಆ ಕೈಗಳು ಆಡುತ್ತಿರುವುದನ್ನು ನೋಡಿ ಅವನಿಗೆ ಜೀವ ಬಂದಂತಾಯಿತು. ಪಕ್ಕದಲ್ಲಿ ಕುಳಿತು, ಕಣ್ಣೀರು ಒರೆಸೋಣವೆಂದು ಎಡಗೈ ಎತ್ತಲು ನೋಡಿದ.

ಅದೂ ಏಳಲಿಲ್ಲ.