ಎಡಗೈ ಗ್ಲೌಸು

ಸತ್ತವನ ಗ್ಲೌಸು ಹೊಲಿದುಕೊಡಿ ಎಂದು ಬಂದವನ ಮೇಲೆ ಯಾರಿಗಾದರೂ ಮನಸ್ಸಾಗುತ್ತದೆಯೇ? ನನಗಾಯಿತು. ಅದೂ ಅವನನ್ನು ಬೈದು ಅಂಗಡಿಯಿಂದ ಅಟ್ಟಿದ ಮೇಲೆ.

ಅವತ್ತು ಸೋಮವಾರ. ಅಫಜಲಪುರ ಬಸ್‌ಸ್ಟ್ಯಾಂಡಿನ ಎದುರಿಗೆ ನಮ್ಮ ಟೇಲರ್ ಅಂಗಡಿ. ಅಪ್ಪ ಊಟಕ್ಕೆ ಹೋಗಿದ್ದ, ನಾನೊಬ್ಬಳೇ ಮಷಿನ್ ಮುಂದೆ ಕೂತಿದ್ದೆ. ತಲೆಗೂದಲ ತುಂಬ ಸಿಮೆಂಟಿನ ಧೂಳು ಹೊತ್ತ ಎತ್ತರದ ಆಳೊಬ್ಬ ಬಂದು, ಪ್ಲಾಸ್ಟಿಕ್ ಚೀಲದಿಂದ ಒಂದು ಜೊತೆ ನೀಲಿ ಗ್ಲೌಸು ತೆಗೆದು ಟೇಬಲ್ ಮೇಲಿಟ್ಟ.

"ಹೊಲಿಗಿ ಬಿಚ್ಚ್ಯದ್ರಿ. ಸ್ವಲ್ಪ ಹಾಕಿ ಕೊಡ್ರಿ."

ಬಲ ಅಂಗೈಯ ಮೇಲೆ ಮೂರು ತೇಪೆಗಳಿದ್ದವು. ಮೂರನ್ನೂ ಹಾಕಿದವಳು ನಾನೇ.

"ಇವು ನಿನಗ ಎಲ್ಲಿ ಸಿಕ್ಕಾವು?"

"ಟೀಮಿನವ್ರು ಕೊಟ್ಟಾರ್ರಿ."

"ಯಾರ ಗ್ಲೌಸ್ ಇವು, ಗೊತ್ತದೇನು? ಸತ್ತಾಂವನ ಸಾಮಾನ ಹಾಕ್ಕೊಂಡು ಕುಣ್ಯಾಕ ನಾಚಿಕಿ ಬರಂಗಿಲ್ಲೇನು? ನಡಿ ಹೊರಗ!"

ಮೆಟ್ಟಿಲಿಳಿದವನು ಒಮ್ಮೆ ತಿರುಗಿ ನೋಡಿದ.

"ನಾ ಬ್ಯಾಡ ಅಂದಿದ್ದೆರಿ. ಚಂದ್ರಾಮಪ್ಪ ಕಾಕಾ ಕೇಳ್ಲಿಲ್ಲ."

ಗ್ಲೌಸು ಟೇಬಲ್ ಮೇಲೆಯೇ ಉಳಿಯಿತು. ಅವನು ಹೋದ ಮೇಲೆ ಮೆಲ್ಲಗೆ ಅದರೊಳಗೆ ಕೈ ತೂರಿಸಿದೆ. ಒಳಗೆ ಬೆಚ್ಚಗಿತ್ತು, ಈಗಷ್ಟೇ ಯಾರೋ ಕೈ ತೆಗೆದ ಹಾಗೆ. ಬಿಸಿಲಲ್ಲಿ ತಂದಿದ್ದಕ್ಕಿರಬೇಕು ಎಂದುಕೊಂಡೆ. ಆದರೂ ಬಹಳ ಹೊತ್ತು ಕೈ ಹೊರಗೆ ತೆಗೆಯಲಿಲ್ಲ. ಸಂಜೆ ಹೊಲಿಗೆ ಹಾಕಿ ಅಪ್ಪನ ಕೈಯಲ್ಲಿ ಕಾಕಾಗೆ ಕಳಿಸಿದೆ.

ಜಗದೇವ ನಮ್ಮೂರ ಟೀಮಿನ ಗೋಲ್‌ಕೀಪರ್ ಆಗಿದ್ದ. ನನ್ನವನೂ ಆಗಿದ್ದ. ಏಪ್ರಿಲ್‌ನಲ್ಲಿ ನಿಶ್ಚಿತಾರ್ಥವಾಯಿತು, ಜೂನ್‌ನಲ್ಲಿ ಮದುವೆ ಎಂದಿತ್ತು. ನಡುವೆ ಮೇ ತಿಂಗಳ ಒಂದು ಸಂಜೆ, ಮಣ್ಣೂರಿನ ಹೊಲದಲ್ಲಿ ಅವನಿಗೆ ಸಿಡಿಲು ಬಡಿಯಿತು. ಅವತ್ತು ಮಳೆ ನಾಲ್ಕು ಹನಿ ಕೂಡ ಬೀಳಲಿಲ್ಲ.

ದೀಪಾವಳಿ ಮುಗಿದ ಮೇಲೆ ಅಫಜಲಪುರ, ಆಳಂದ, ಜೇವರ್ಗಿ ಮೂರೂ ತಾಲೂಕಿನ ಟೀಮುಗಳ ಲೀಗ್ ಶುರುವಾಯಿತು. ಪ್ರತಿ ಭಾನುವಾರ ಒಂದು ಆಟ. ಮೊದಲ ಆಟಕ್ಕೆ ವಾರ ಮುಂಚೆಯೇ ಚಂದ್ರಾಮಪ್ಪ ಕಾಕಾ ಜಗದೇವನ ತಾಯಿ ಸಾಬವ್ವನ ಹತ್ತಿರ ಹೋಗಿ ಗ್ಲೌಸು ಕೇಳಿ ತಂದ. ಕಾಕಾ ರಿಟೈರಾದ ಬಸ್ ಡ್ರೈವರ್, ನಮ್ಮೂರ ಫುಟ್‌ಬಾಲ್ ಹುಚ್ಚರಿಗೆಲ್ಲ ಹಿರಿಯ. ಹೊಸ ಕೀಪರ್ ನೆಲೋಗಿಯ ದಿಲೀಪ, ಗೋಡೆ ಕಟ್ಟುವ ಗೌಂಡಿ. ಅವನ ಕೈಗೆ ಆ ಗ್ಲೌಸು ಹಾಕಿಸಿದರು. ಮೊದಲ ಆಟ ನಾವು ಗೆದ್ದೆವು. ಮರುವಾರವೂ ಗೆದ್ದೆವು. ಅಲ್ಲಿಗೆ ಆ ಗ್ಲೌಸು ಖಾಯಂ ಆಯಿತು. ಗೆಲ್ಲುವಷ್ಟು ದಿನ ಯಾವುದನ್ನೂ ಬದಲಿಸಬಾರದು ಎನ್ನುವುದು ಈ ಹುಚ್ಚರ ಶಾಸ್ತ್ರ. ಕಾಕಾ ಮೊದಲ ಗೆಲುವಿನ ದಿನ ಹಾಕಿದ್ದ ಅಂಗಿಯನ್ನೇ ವಾರ ವಾರವೂ ಹಾಕಿದ. ಅವತ್ತು ಸಾಬವ್ವನ ಜೊತೆ ನಾನು ಗೋಲಿನ ಹಿಂದೆ ಕೂತಿದ್ದೆ ಎಂಬ ತಪ್ಪಿಗೆ, ಪ್ರತಿ ಆಟಕ್ಕೂ ಅಲ್ಲೇ ಕೂರಬೇಕಾಯಿತು.

ಸುಳ್ಳು ಯಾಕೆ ಹೇಳಲಿ, ನನಗೂ ಅದು ಬೇಕಿತ್ತು. ಗೋಲಿನ ಹಿಂದಿನಿಂದ ಬರೀ ಬೆನ್ನು ಕಾಣುತ್ತದೆ. ಅದೇ ಹಳದಿ ಜರ್ಸಿ, ಅದೇ ನೀಲಿ ಗ್ಲೌಸು. ಸೂರ್ಯ ಇಳಿಯುವ ಹೊತ್ತಿಗೆ ಕಾರ್ನರ್ ಕಿಕ್ ಬಂದರೆ ಅವನೂ ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದ. ಗ್ಲೌಸಿಗೆ ಗ್ಲೌಸು ಬಡಿಯುವ ಆ ಮೆತ್ತನೆಯ ಸದ್ದು ಕೇಳಿದರೆ ಜಗದೇವ ಇಲ್ಲೇ ಇದ್ದಾನೆ ಅನ್ನಿಸುತ್ತಿತ್ತು. ನನಗೆ ಹೆದರಿಕೆ ಆಗುತ್ತಿರಲಿಲ್ಲ. ಅವನು ತಿರುಗಿ ಮುಖ ತೋರಿಸಿಬಿಟ್ಟರೆ ಎಂಬುದೊಂದೇ ಹೆದರಿಕೆ.

ಸೋಮವಾರ ಬೆಳಿಗ್ಗೆ ಅಂಗಡಿಯ ಪಕ್ಕದ ಚಹಾ ಹೋಟೆಲಿನಲ್ಲಿ ಇಡೀ ಆಟ ಇನ್ನೊಮ್ಮೆ ನಡೆಯುತ್ತಿತ್ತು.

"ಐದಕ್ಕ ಐದೂ ಗೆದ್ದೀವಿ! ಬಿಲಾಲ್ ಒಬ್ಬನs ಏಳು ಗೋಲ್ ಹೊಡದಾನ."

"ಬಿಲಾಲನ ಮಾತ್ ಬಿಡು. ಡಿಫೆನ್ಸ್‌ನಾಗ ಇಬ್ಬರೂ ನಿಂತಲ್ಲೇ ನಿದ್ದಿ ಮಾಡಾಕತ್ತಿದ್ರು. ಹಿಂದ ಕೀಪರ್ ಇರ್ಲಿಲ್ಲಂದ್ರ ನಾಲ್ಕು ತಿಂತಿದ್ವಿ."

"ಕೀಪರ್ ಅಂದ್ರ ಯಾರಲೇ?" ಇದು ಚಂದ್ರಾಮಪ್ಪ ಕಾಕಾನ ದನಿ. "ದಿಲೀಪ ಹಿಡದಾನಂತ ತಿಳದೀಯೇನು? ಆ ಕೈ ನಮ್ಮ ಜಗದೇವಂದು."

ಎಲ್ಲರೂ ಹೌದು ಹೌದು ಎನ್ನುತ್ತಿದ್ದರು. ಅದೇ ಬೆಂಚಿನ ತುದಿಯಲ್ಲಿ ದಿಲೀಪ ಬಸಿಗೆ ಚಹಾ ಸುರಿದುಕೊಂಡು ಕುಡಿಯುತ್ತಿದ್ದ.

ಚಹಾ ಮುಗಿಸಿ ಅಂಗಡಿಗೆ ಬರುತ್ತಿದ್ದ, ಹರಿದ ಗ್ಲೌಸು ಹಿಡಿದು. ನಾನು ಎರಡನೇ ವಾರ 'ನೀನು' ಬಿಟ್ಟು 'ನೀವು' ಎಂದೆ. ಮೂರನೇ ವಾರ ಸ್ಟೂಲ್ ತೋರಿಸಿದೆ. ಅವನು ಮುದುಡಿ ಕೂತು ನನ್ನ ಸೂಜಿಯನ್ನೇ ನೋಡುತ್ತಿದ್ದ. ನಾನು ತಲೆ ಎತ್ತಿದರೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಕ್ಯಾಲೆಂಡರ್‌ನಾಗ ಏನದರಿ ಅಷ್ಟ ನೋಡಾಕ?"

"ಇನ್ನ ಎಷ್ಟ್ ಸೋಮವಾರ ಉಳದಾವ ನೋಡಾಕತ್ತೇನ್ರಿ."

ನಗು ಬಂತು. ತುಟಿ ಕಚ್ಚಿ ತಡೆದೆ. ಅವನಿಗೆ ಕಂಡಿರಬೇಕು, ಕಿವಿ ಕೆಂಪಗಾಯಿತು. ಎಷ್ಟೋ ತಿಂಗಳಾದ ಮೇಲೆ ನನಗೆ ನಗು ಬಂದಿತ್ತು. ಅದಕ್ಕೇ ಅವತ್ತು ಸಂಜೆಯೆಲ್ಲ ಅಪರಾಧ ಮಾಡಿದವಳಂತೆ ಇದ್ದೆ.

ಆರನೇ ವಾರ ದಾರ ಪೋಣಿಸುವಾಗ ಕೈ ತಟ್ಟನೆ ನಿಂತಿತು. ಹರಿದಿದ್ದು ಎಡಗೈ ಗ್ಲೌಸು. ಹಿಂದಿನ ವಾರವೂ ಎಡಗೈಯೇ. ಅದರ ಹಿಂದಿನ ವಾರವೂ. ಜಗದೇವನ ಕಾಲದಲ್ಲಿ ನಾನು ಹೊಲಿದದ್ದೆಲ್ಲ ಬಲಗೈ. ಎರಡು ವರ್ಷ ಆಡಿದರೂ ಅವನ ಎಡಗೈ ಗ್ಲೌಸು ಹೊಸದರಂತೆಯೇ ಇತ್ತು. ಎಡಕ್ಕೆ ಬಂದ ಬಾಲಿಗೆ ಅವನು ಸರಿಯಾಗಿ ಹಾರುತ್ತಲೇ ಇರಲಿಲ್ಲ.

"ಎಡಗೈನs ಯಾಕ ಹರೀತದ?" ನನ್ನ ದನಿ ಏರಿತ್ತು.

ಅವನು ಗಾಬರಿಯಾದ. "ಗೌಂಡಿ ಕೆಲಸ ಅಲ್ರಿ. ಕೆಳಗಿಂದ ಇಟ್ಟಂಗಿ ಒಗೀತಾರ. ಎಡಗೈಲೆ ಹಿಡ್ಯಾದು, ಬಲಗೈಲೆ ಇಡಾದು. ಹದಿನೈದು ವರ್ಷದಾಂವ ಇದ್ದಾಗಿಂದ ಅದs ರೂಢಿ."

"ಕೈ ತೋರಿಸ್ರಿ."

ಅವನು ಮುಷ್ಟಿ ಬಿಚ್ಚಲಿಲ್ಲ. ನಾನೇ ಹಿಡಿದು ಬಿಚ್ಚಿದೆ. ಎರಡು ಉಗುರು ಕಪ್ಪಾಗಿದ್ದವು, ಬೆರಳ ತುದಿಗೆ ಬಟ್ಟೆ ಸುತ್ತಿತ್ತು.

"ಗ್ಲೌಸ್ ಸಣ್ಣ ಆಗ್ತಾವೇನು?"

"ಆಗ್ತಾವ್ರಿ."

"ಇಷ್ಟ್ ದಿನಾ ಹೇಳಬಾರದೇನು?"

"ಯಾರಿಗಿ ಹೇಳ್ಲಿ? ಅವ್ರಿಗಾ, ನಿಮಗಾ?"

ಕೈ ಬಿಟ್ಟೆ. ಇಟ್ಟಂಗಿ ಹಿಡಿದು ಒರಟಾದ ಆ ಅಂಗೈ ಮಾತ್ರ ಇಡೀ ದಿನ ನನ್ನ ಕೈಯಲ್ಲೇ ಉಳಿಯಿತು.

ಎಂಟನೇ ಗೆಲುವಿನ ಮರುದಿನ ಅವನು ಸ್ಟೂಲ್ ಮೇಲೆ ಕೂರಲಿಲ್ಲ.

"ಮುಂದಿನ ವಾರ ಆಳಂದದ ಆಟ ಮುಗಿಸಿ ನಾ ಸೊಲ್ಲಾಪುರಕ್ಕ ಹೊಂಟೇನ್ರಿ. ಅಲ್ಲಿ ಬಿಲ್ಡಿಂಗ್ ಕೆಲಸ ಅದ."

"ಇಲ್ಲಿ ಇಲ್ಲೇನು?"

"ಇಲ್ಲಿ ಗೋಲಿಗಿ ನಿಂತಾಂವ ನಾನು, ಕಾಯಾಂವ ಅಂವಾ. ಹೊಡೆತ ನನಗ, ಹೆಸರು ಅಂವಗ. ಇರ್ಲಿ, ಸತ್ತಾಂವನ ಕೂಡ ನಾ ಜಗಳ ಆಡಂಗಿಲ್ಲ." ಅವನು ಮೊದಲ ಸಲ ಕ್ಯಾಲೆಂಡರ್ ಬಿಟ್ಟು ನನ್ನ ಕಣ್ಣು ನೋಡಿದ. "ಆದರ ನೀವೂ ನನ್ನ ನೋಡಂಗಿಲ್ರಿ. ಗ್ಲೌಸ್ ನೋಡ್ತೀರಿ. ಅದನ್ನ ತಡ್ಕೊಳ್ಳಾಕ ಆಗವಲ್ದು."

ಅವನು ಹೋದ. ಹೋಗಬೇಡ ಎನ್ನಲು ನನಗೇನು ಹಕ್ಕಿತ್ತು? ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಿಜ ಏನೆಂದು ಆರನೇ ವಾರದಿಂದಲೇ ನನಗೆ ಗೊತ್ತಿತ್ತು. ಬಾಯಿಬಿಟ್ಟರೆ ಜಗದೇವ ಮತ್ತೊಮ್ಮೆ ಸಾಯುತ್ತಾನೆ, ಈ ಸಲ ನನ್ನ ಕೈಯಿಂದ. ಬಾಯಿಬಿಡದಿದ್ದರೆ ದಿಲೀಪ ಬಸ್ ಹತ್ತುತ್ತಾನೆ.

ಆಳಂದದಲ್ಲಿ ಆ ಭಾನುವಾರ ಸೇರಿದ ಜನಕ್ಕೆ ಲೆಕ್ಕವಿರಲಿಲ್ಲ. ಬಿಲಾಲ್ ಹೊಡೆದ ಒಂದೇ ಗೋಲಿನ ಮೇಲೆ ನಾವು ಮುಂದಿದ್ದೆವು. ಕೊನೆಗೆ ಐದು ನಿಮಿಷ ಇರುವಾಗ ಅವರಿಗೆ ಪೆನಾಲ್ಟಿ ಸಿಕ್ಕಿತು. ಸಾಬವ್ವ ನನ್ನ ಮುಂಗೈ ಹಿಡಿದಳು.

ಹಳದಿ ಬೆನ್ನು ಗೋಲಿನ ನಡುವೆ ನಿಂತಿತು. ಎರಡು ಸಲ ಚಪ್ಪಾಳೆ ತಟ್ಟಿತು.

ಬಾಲ್ ಎಡಕ್ಕೆ ಬಂತು, ಕೆಳಗೆ, ಕಂಬಕ್ಕೆ ತಾಗುವಷ್ಟು ಹತ್ತಿರ. ಅವನು ಉದ್ದಕ್ಕೆ ಹಾರಿ ಒಂದೇ ಎಡಗೈಯಲ್ಲಿ ಅದನ್ನು ನೆಲಕ್ಕೆ ಒತ್ತಿ ಹಿಡಿದ. ತಳ್ಳಲಿಲ್ಲ, ಹಿಡಿದ, ಮೇಲೆ ಬಂದ ಇಟ್ಟಂಗಿ ಹಿಡಿಯುವ ಹಾಗೆ. ಜನ ಹುಚ್ಚೆದ್ದು ಕೂಗಿದರು, "ಜಗದೇವಾ! ಜಗದೇವಾ!"

ಬಾಲ್ ಅಪ್ಪಿಕೊಂಡು ಬಿದ್ದಲ್ಲೇ ಅವನು ತಲೆ ತಿರುಗಿಸಿದ. ಮಣ್ಣು ಮೆತ್ತಿದ ಮುಖ, ದಿಲೀಪನ ಮುಖ. ನಾನು ಅಷ್ಟು ದಿನ ಹೆದರಿದ್ದು ಅದಕ್ಕೇ. ನೋಡಿದ ಮೇಲೆ ಕಣ್ಣು ಕೀಳಲಾಗಲಿಲ್ಲ.

ಆಟ ಮುಗಿದು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಎಲ್ಲರೂ ಮಂಡಕ್ಕಿ ಸುಸಲಾ, ಮಿರ್ಚಿ ಹೇಳಿ ಕೂತರು. ಸಾಬವ್ವನ ತಟ್ಟೆಗೆ ಚಂದ್ರಾಮಪ್ಪ ಕಾಕಾ ತಾನೇ ಬಡಿಸಿದ. ಒಂಬತ್ತು ಆಟ, ಒಂಬತ್ತು ಗೆಲುವು.

"ಸಾಬವ್ವಾ, ನೋಡಿದಿಲ್ಲೋ? ಇಂಥಾ ಬಾಲ್ ನಿನ್ನ ಮಗನ್ನ ಬಿಟ್ರ ಇನ್ಯಾರ್ ಹಿಡೀಬೇಕು!"

ದಿಲೀಪ ಆಗಲೇ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ, ಸೊಲ್ಲಾಪುರದ ಬಸ್ಸಿಗೆ.

"ಕಾಕಾ," ನಾನು ಎದ್ದು ನಿಂತೆ. "ಆ ಬಾಲ್ ಜಗದೇವಗ ಸಿಗ್ತಿರ್ಲಿಲ್ಲ."

ಬಿಲಾಲನ ಬಾಯಿಗೆ ಹೊರಟ ಮಿರ್ಚಿ ಅರ್ಧಕ್ಕೇ ನಿಂತಿತು.

"ಏನ್ ಮಾತಾಡ್ತೀಯವ್ವಾ ರಾಧಿಕಾ!"

"ಖರೇನs ಮಾತಾಡಾಕತ್ತೇನಿ. ಎರಡ್ ವರ್ಷ ಅಂವನ ಗ್ಲೌಸ್ ಹೊಲದಾಕಿ ನಾನು. ಬಲಗೈ ಅಷ್ಟs ಹರೀತಿತ್ತು. ಎಡಗಡೆ ಬಾಲ್ ಬಂದ್ರ ಅಂವ ನಿಂತು ನೋಡ್ತಿದ್ದ. ಹೋದ ವರ್ಷ ಜೇವರ್ಗಿಯವ್ರು ಹೊಡೆದ ಎರಡೂ ಗೋಲ್ ಎಡಗಡೆನs ಅಲ್ಲೇನು? ನೀವs ಅವತ್ತ ಅಂವಗ ಬೈದಿದ್ರಿ. ಈಗ ಸತ್ತಾನಂತ ದೇವ್ರು ಮಾಡೀರಿ. ನನಗ ದೇವ್ರು ಬ್ಯಾಡ ಕಾಕಾ. ಎಡಗೈ ಬರಲಾರದ ನನ್ನ ಜಗದೇವ ಬೇಕಾಗ್ಯಾನ."

ಸಾಬವ್ವನ ಕಡೆ ನೋಡುವ ಧೈರ್ಯವೇ ಇರಲಿಲ್ಲ.

"ಹಂಗಾರ ಒಂಬತ್ತು ಆಟ ಕಾಯ್ದಾಂವ ಯಾರು?" ಕಾಕಾ ಕೇಳಿದ.

"ದಿಲೀಪ," ಎಂದೆ. ಅವನ ಹೆಸರು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

ಸಾಬವ್ವ ತಟ್ಟೆ ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು ಬಾಗಿಲಿಗೆ ನಡೆದಳು. ಅವಳ ಕಣ್ಣಲ್ಲಿ ನೀರಿತ್ತು, ಮೂಲೆಯಲ್ಲೊಂದು ಸಣ್ಣ ನಗೆಯೂ ಇತ್ತು.

"ಹೌದವ್ವಾ. ಎಡಗೈಯಾಗ ನೀರಿನ ಚರಗಿ ಕೊಟ್ರ ಸುದ್ದಾ ಚೆಲ್ತಿದ್ದ ನನ್ನ ಮಗ. ನನಗ ಗೊತ್ತಿತ್ತು. ಇವ್ರು ಅಂವನ ಹೆಸರು ಕೂಗಾದು ಕೇಳಾಕ ಚಲೋ ಅನ್ನಿಸ್ತಿತ್ತು, ಸುಮ್ಮನಿದ್ದೆ." ದಿಲೀಪನ ಮುಂದೆ ಕೈ ಚಾಚಿದಳು. "ಕೊಡಪಾ ಅವು. ನನ್ನ ಮಗನವು, ನನ್ನ ಮನ್ಯಾಗ ಇರ್ಲಿ. ನಿನ್ನ ಕೈ ಭಾಳ ನೊಂದಾವು."

ಅವನು ಗ್ಲೌಸು ತೆಗೆದುಕೊಟ್ಟ. ಅವಳು ಅದರ ಮಣ್ಣು ಕೊಡವಿ, ಸೆರಗಿನ ಮರೆಯಲ್ಲಿ ಎದೆಗೆ ಒತ್ತಿ ಇಟ್ಟುಕೊಂಡಳು.

ಸೊಲ್ಲಾಪುರದ ಬಸ್ ಹೊರಟಿತು. ದಿಲೀಪ ಹತ್ತಲಿಲ್ಲ. ಅಫಜಲಪುರದ ಬಸ್ಸಿನಲ್ಲಿ ನನ್ನ ಪಕ್ಕ ಒಂದು ಸೀಟು ಖಾಲಿ ಇತ್ತು. ಅಲ್ಲಿ ಬಂದು ಕೂತ, ಸ್ಟೂಲ್ ಮೇಲೆ ಕೂರುವ ಹಾಗೆಯೇ ಮುದುಡಿ.

"ಕ್ಯಾಲೆಂಡರ್ ಇಲ್ಲಿಲ್ರಿ," ಎಂದೆ.

"ಬೇಕಾಗಿಲ್ರಿ," ಎಂದ. ನನ್ನ ಮುಖವನ್ನೇ ನೋಡುತ್ತಿದ್ದ.

ಪರ್ಸಿನಲ್ಲಿ ಯಾವಾಗಲೂ ಇರುವ ಅಳತೆಯ ಟೇಪು ತೆಗೆದೆ. "ಎಡಗೈ ಕೊಡ್ರಿ. ಕಲಬುರಗಿಯಿಂದ ಹೊಸಾವು ತರಸ್ಬೇಕಂದ್ರ ಸೈಜ್ ಬೇಕಾಗ್ತದ."

ಅವನು ಕೊಟ್ಟ. ಅಂಗೈ ಸುತ್ತ ಟೇಪು ಹಾಕಿ ಅಳೆದೆ. ಅಳತೆ ಮುಗಿದ ಮೇಲೂ ಕೈ ಬಿಡಲಿಲ್ಲ, ಅವನೂ ಎಳೆದುಕೊಳ್ಳಲಿಲ್ಲ.

ಮುಂದಿನ ಭಾನುವಾರ ಜೇವರ್ಗಿಯಲ್ಲಿ ಹತ್ತನೇ ಆಟ. ಹೊಸ ಕೆಂಪು ಗ್ಲೌಸು. ನಾವು ಸೋತೆವು, ಒಂದು ಸೊನ್ನೆ. ಬಾಲ್ ಬಲಕ್ಕೆ ಬಂದಿತ್ತು, ಅಂಥ ಜೋರಿನದೂ ಅಲ್ಲ. ದಿಲೀಪ ತಡವಾಗಿ ಹಾರಿದ.

"ಲೇ ದಿಲೀಪಾ! ಕಣ್ಣ್ ಎಲ್ಲಿಟ್ಟಿಯೋ? ಬಲಗೈ ಮನ್ಯಾಗ ಬಿಟ್ಟ್ ಬಂದೀಯೇನಲೇ?" ಚಂದ್ರಾಮಪ್ಪ ಕಾಕಾ ಎದ್ದು ನಿಂತು ಕೂಗಿದ. ಆಮೇಲೆ ಎಲ್ಲರೂ ಶುರು ಮಾಡಿದರು. ದಿಲೀಪಾ, ದಿಲೀಪಾ ಎಂದು ಹೆಸರು ಹಿಡಿದು ಬೈದರು. ಅವನು ನೆಲದ ಮೇಲೆ ಕೂತು ಮೈ ಕುಲುಕಿಸಿ ನಗುತ್ತಿದ್ದ.

ಕಾಕಾ ನನ್ನ ಪಕ್ಕ ಬಂದು ಕುಸಿದು ಕೂತ. ಅಂಗಿ ಹೊಸದಿತ್ತು.

"ಅದನ್ನ ಜಗದೇವ ಹಿಡೀತಿದ್ದವ್ವಾ," ಎಂದ ಮೆಲ್ಲಗೆ.

"ಹೌದು ಕಾಕಾ," ಎಂದೆ. "ಅದನ್ನ ಅಂವ ಹಿಡೀತಿದ್ದ."

ಅದು ನಿಜವಾಗಿತ್ತು. ಬಲಕ್ಕೆ ಬಂದ ಬಾಲನ್ನು ಅವನು ಎಂದೂ ಬಿಟ್ಟವನಲ್ಲ. ಮೇ ತಿಂಗಳಿಂದ ನನ್ನೊಳಗೇ ನಿಂತಿದ್ದ ಅಳು ಆಗ ಬಂತು. ಸಾಬವ್ವನ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಆಟ ಮುಗಿದು ಸ್ವಲ್ಪ ಹೊತ್ತಿಗೆ ಯಾರೋ ಬಂದು ಹತ್ತಿರ ನಿಂತದ್ದು ಗೊತ್ತಾಯಿತು. ತಲೆ ಎತ್ತಿ ನೋಡಲಿಲ್ಲ, ಆದರೂ ಯಾರೆಂದು ಗೊತ್ತಿತ್ತು.

"ಅಳ್ರಿ," ಎಂದ ದಿಲೀಪ. "ನಾ ಇಲ್ಲೇ ಇರ್ತೇನಿ."